ಇಎಲ್84 ಆಂಪ್ಲಿಫೈಯರಿನಲ್ಲಿ ಗುಂಯ್‌ಗುಡುವ ಸದ್ದು

ಪ್ರಶ್ನೆ: ನಾನು ಮನೆಯಲ್ಲಿ ಕಟ್ಟಿದ, ಇಸಿಸಿ83 ಮತ್ತು ಇಎಲ್84 ಎಂಬ ಗಾಜಿನ ನಳಿಗೆಯಂಥ ವಾಲ್ವ್‌ಗಳ ಆಂಪ್ಲಿಫೈಯರಿನಲ್ಲಿ ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್ ಎಂಬ ಸದ್ದು ಕೇಳಿಸುತ್ತದೆ. ಫಿಲ್ಟರ್ ಕೆಪಾಸಿಟರನ್ನು ದೊಡ್ಡದು ಮಾಡಬೇಕೆ?

ಉತ್ತರ: ಮೊದಲು ಸದ್ದಿನ ಸ್ಥಾಯಿಯನ್ನು ಗಮನಿಸಿ. ಎಸಿಯನ್ನು ಡಿಸಿ ಮಾಡುವ ಪೂರ್ಣತರಂಗ ರೆಕ್ಟಿಫೈಯರಿನ ಏರಿಳಿತ 100 ಹರ್ಟ್ಸ್‌ನದು, ಫಿಲ್ಟರ್ ಕೆಪಾಸಿಟರ್ ತಗ್ಗಿಸುವುದು ಅದನ್ನೇ; ನಿಮ್ಮದು 50 ಹರ್ಟ್ಸ್ ಆಗಿದ್ದರೆ ನನ್ನ ಮೊದಲ ಅನುಮಾನ ವಾಲ್ವ್‌ಗಳನ್ನು ಕಾಯಿಸುವ ಹೀಟರ್ ತಂತಿಗಳ ಮೇಲೆ. 6.3 ವೋಲ್ಟ್‌ನ ಆ ಜೋಡಿಯನ್ನು ಬಿಗಿಯಾಗಿ ಹೊಸೆದು, ವಾಲ್ವ್‌ಗೆ ಸಂಕೇತ ಒಯ್ಯುವ ಗ್ರಿಡ್ ತಂತಿಗಳಿಂದ ದೂರವಾಗಿ ಚಾಸಿಸ್‌ನ ಮೂಲೆಗುಂಟ ಎಳೆಯಿರಿ. ಟ್ರಾನ್ಸ್‌ಫಾರ್ಮರಿಗೆ ಹೀಟರ್ ಸುರುಳಿಯ ನಡುವಿನ ಸಂಪರ್ಕ (ಸೆಂಟರ್ ಟ್ಯಾಪ್) ಇಲ್ಲದಿದ್ದರೆ ಆ ಸುರುಳಿಯ ಎರಡೂ ತುದಿಗಳಿಂದ ತಲಾ 100 ಓಮ್ ರೆಸಿಸ್ಟರನ್ನು ಗ್ರೌಂಡಿಗೆ ಜೋಡಿಸಿ.

ಉತ್ತರ: ಇಸಿಸಿ83ನ್ನು ಸಾಕೆಟ್ಟಿನಿಂದ ತೆಗೆದು ಆಲಿಸಿದರೂ ದೋಷ ಯಾವ ಹಂತದ್ದೆಂದು ತಿಳಿಯುತ್ತದೆ. ಆದರೆ ದಯವಿಟ್ಟು, ಒಳಗೆ ಕೈ ಹಾಕುವ ಮುನ್ನ ಪ್ಲಗ್ ಕಿತ್ತು, ಕೆಪಾಸಿಟರಿನಲ್ಲಿ ಉಳಿದಿರುವ ವಿದ್ಯುತ್ತನ್ನು ರೆಸಿಸ್ಟರಿನ ಮೂಲಕ ಬರಿದುಮಾಡಿ, ಮೀಟರಿನಿಂದ ಅಳೆದು ಖಚಿತಪಡಿಸಿಕೊಳ್ಳಿ. 250 ವೋಲ್ಟ್ ಡಿಸಿ ಪ್ರಾಣಕ್ಕೇ ಅಪಾಯಕಾರಿ.