ಮಳೆಯಲ್ಲಿ ಕೃಷಿ ಮೇಳಕ್ಕೆ ಹೋಗೋದಾ, ಬೇಡ್ವಾ?

ಪ್ರಶ್ನೆ

ಶನಿವಾರ ಒಂದು ಸಣ್ಣ ಪಟ್ಟಣದಲ್ಲಿ ಕೃಷಿ ಮೇಳ ಇದೆ. ದನ, ಕುರಿ, ಕೋಳಿ, ಟ್ರ್ಯಾಕ್ಟರು, ಬೀಜದ ಮಳಿಗೆಗಳು, ತರಕಾರಿ ಸ್ಪರ್ಧೆ ಎಲ್ಲಾ ಇರುತ್ತವಂತೆ. ಮಗಳಿಗೆ ಏಳು ವರ್ಷ. ಕುರಿ ನೋಡಲೇಬೇಕು ಅಂತ ಹಟ ಹಿಡಿದಿದ್ದಾಳೆ. ಆದರೆ ಅವತ್ತು ಪೂರ್ತಿ ಮಳೆ ಅಂತ ಮುನ್ಸೂಚನೆ ಇದೆ. ಮೇಳ ನಡೆಯೋದು ಬಯಲಲ್ಲಿ. ಕೆಸರು ತುಳಿದುಕೊಂಡು ಹೋದರೆ ನೋಡೋಕೆ ಏನಾದರೂ ಇರುತ್ತಾ? ಮಳೆಯಲ್ಲಿ ಇಂಥ ಮೇಳಕ್ಕೆ ಹೋಗಿ ಬಂದವರು ಹೇಳಿ.

ಉತ್ತರ (ಕುರಿ ಸಾಕುವವನು)

ಖಂಡಿತ ಹೋಗಿ. ನಾನು ಮೇಳಗಳಿಗೆ ಕುರಿ ಕರೆದುಕೊಂಡು ಹೋಗುವವನು, ನನಗೆ ಮಳೆಯ ಮೇಳವೇ ಇಷ್ಟ. ಬಿಸಿಲಿದ್ದರೆ ಜನ ಒಂದು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಮಳೆ ಬಂತು ಅಂದರೆ ಶೆಡ್ಡಿಗೆ ಬಂದವರು ಅಲ್ಲೇ ನಿಲ್ಲುತ್ತಾರೆ. ಅವರಿಗೂ ಪುರುಸೊತ್ತು, ನಮಗೂ ಪುರುಸೊತ್ತು. ಏನು ಮೇವು ಹಾಕುತ್ತೀರಿ, ಈ ಟಗರು ಎಲ್ಲಿಂದ ತಂದಿರಿ, ಮರಿ ಹಾಕುವಾಗ ರಾತ್ರಿ ಕಾಯುತ್ತೀರಾ ಅಂತ ಒಂದೊಂದೇ ಕೇಳುತ್ತಾರೆ. ವರ್ಷವಿಡೀ ಮಾಡಿದ ಕೆಲಸದ ಬಗ್ಗೆ ಯಾರಾದರೂ ಹಾಗೆ ನಿಂತು ಕೇಳಿದರೆ ಎಷ್ಟು ಖುಷಿ ಆಗುತ್ತೆ ಗೊತ್ತಾ?

ಮಗಳಿಗೆ ಒಂದನ್ನು ತಪ್ಪದೇ ತೋರಿಸಿ. ನೆನೆದ ಕುರಿ ಕಂಡರೆ ಅದರ ಮಾಲೀಕರನ್ನು ಕೇಳಿ. ಅವರು ಹೂಂ ಅಂದರೆ ಬೆನ್ನಿನ ಉಣ್ಣೆಯನ್ನು ಎರಡೂ ಕೈಯಿಂದ ಮೆಲ್ಲಗೆ ಬಿಡಿಸಿ ನೋಡಲಿ. ಮೇಲೆ ಒದ್ದೆ, ಕೊಳೆ, ಹುಲ್ಲಿನ ಚೂರು. ಒಳಗೆ ಕೆನೆ ಬಣ್ಣದ ಎಳೆಗಳು, ಬುಡ ಒಣಗಿ ಬೆಚ್ಚಗೆ ಇರುತ್ತದೆ. ಚರ್ಮದಿಂದ ಒಸರುವ ಲ್ಯಾನೊಲಿನ್ ಅನ್ನೋ ಜಿಡ್ಡು ನೀರನ್ನು ತಡೆಯುತ್ತದೆ. ಬೆರಳಿಗೂ ಆ ಜಿಡ್ಡು ಹತ್ತುತ್ತದೆ, ಅದನ್ನೇ ತೆಗೆದು ಮುಲಾಮುಗಳಿಗೆ ಹಾಕುತ್ತಾರೆ. ಇದನ್ನು ನೋಡೋಕೆ ದಟ್ಟ ಉಣ್ಣೆಯ ತಳಿಯೇ ಆಗಬೇಕು. ಬರೀ ಕೂದಲಿರುವ ಕುರಿಯಾದರೆ ಬೇಗ ನೆನೆದುಬಿಡುತ್ತದೆ.

ಒಂದು ಮಾತು. ಕೊಡೆ ಬೇಡ, ರೇನ್‌ಕೋಟ್ ಹಾಕಿಕೊಳ್ಳಿ. ಮುಖದ ಹತ್ತಿರ ಪಟ್ಟನೆ ಕೊಡೆ ಬಿಚ್ಚಿದರೆ ಕುದುರೆ, ದನ ಬೆದರುತ್ತವೆ. ಹಗ್ಗ ಹಿಡಿದವರ ಕೈ ತರಚಿಹೋಗುತ್ತದೆ.

ಉತ್ತರ (ಮಣ್ಣಿನ ಕೆಲಸ ಮಾಡುವವಳು)

ಮಣ್ಣಿನ ಮಳಿಗೆ ಇದ್ದರೆ ಬಿಡಬೇಡಿ. ಎರಡು ಗಾಜಿನ ಲೋಟದಲ್ಲಿ ನೀರಿಟ್ಟು, ಒಂದಕ್ಕೆ ಪದೇ ಪದೇ ಉತ್ತ ಹೊಲದ ಒಣ ಹೆಂಟೆ, ಇನ್ನೊಂದಕ್ಕೆ ಉಳದೆ ಬಿಟ್ಟ, ಬೇರು ತುಂಬಿದ ನೆಲದ ಒಣ ಹೆಂಟೆ ಹಾಕಿ ತೋರಿಸುತ್ತಾರೆ. ಸಾಮಾನ್ಯವಾಗಿ ಮೊದಲನೆಯದು ಗುಳ್ಳೆ ಬಿಡುತ್ತಾ ಕುಸಿದು ಹೋಗುತ್ತದೆ, ನೀರು ರಾಡಿಯಾಗುತ್ತದೆ. ಎರಡನೆಯದು ಹಾಗೇ ಕೂತಿರುತ್ತದೆ. ಅದನ್ನು ನೋಡಿ ಹೊರಗೆ ಬಂದು, ಬರಿ ನೆಲದಲ್ಲಿ ನೀರು ಹೇಗೆ ಹರಿಯುತ್ತೆ, ಹುಲ್ಲಿರುವ ಕಡೆ ಹೇಗೆ ಇಂಗುತ್ತೆ ಅಂತ ಮಗಳಿಗೆ ತೋರಿಸಿ. ಬಿಸಿಲಲ್ಲಿ ಇದನ್ನು ತೋರಿಸೋಕೆ ನಾವು ಹೂಜಿಯಿಂದ ನೀರು ಸುರಿಯಬೇಕಾಗುತ್ತದೆ!

ಲೆಕ್ಕ ಇಷ್ಟಪಡುವ ಹುಡುಗಿಯಾದರೆ ಇದನ್ನೂ ಹೇಳಿ. 1 ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು. ಒಂದು ಎಕರೆಗೆ ಸುಮಾರು 4,000 ಲೀಟರ್.

ಉಳುಮೆ ಪ್ರದರ್ಶನ ನಿಲ್ಲಿಸಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಹದ ಮೀರಿ ನೆನೆದ ಮಣ್ಣಿನ ಮೇಲೆ ಟ್ರ್ಯಾಕ್ಟರ್ ಓಡಿದರೆ ಅಡಿಯಲ್ಲಿ ಮಣ್ಣು ಅಮುಕಿ ಗಟ್ಟಿಯಾಗುತ್ತದೆ, ಮುಂದಿನ ಬೆಳೆಯ ಬೇರು ಇಳಿಯಲ್ಲ. ನಿಲ್ಲಿಸಿದವರಿಗೆ ಮಣ್ಣಿನ ಮೇಲೆ ಕಾಳಜಿ ಇದೆ ಅಂತ ಅರ್ಥ.

ಉತ್ತರ (ಮೇಳದಲ್ಲಿ ಪಾರ್ಕಿಂಗ್ ನೋಡಿಕೊಳ್ಳುವವನು)

ಹೊರಡೋ ಮುಂಚೆ ಮೇಳ ನಡೆಯುತ್ತಾ ಅಂತ ಬೆಳಗ್ಗೆಯೇ ವಿಚಾರಿಸಿ. ಇಂಗ್ಲೆಂಡಿನ ದೊಡ್ಡ ಮೇಳ ಗ್ರೇಟ್ ಯಾರ್ಕ್‌ಷೈರ್ ಶೋ ಕೂಡ 2012ರಲ್ಲಿ ಮೊದಲ ದಿನವೇ ನಿಂತಿತು, ಗಾಡಿ ನಿಲ್ಲಿಸುವ ಹೊಲಗಳೆಲ್ಲ ಕೆಸರಾಗಿದ್ದವು.

ಗಾಡಿಯನ್ನು ತಗ್ಗಿನಲ್ಲಿ ನಿಲ್ಲಿಸಬೇಡಿ. ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಚಕ್ರ ಸುಮ್ನೆ ತಿರುಗತೊಡಗಿದರೆ ಆಕ್ಸಿಲರೇಟರ್ ಒತ್ತಬೇಡಿ, ಇನ್ನೂ ಹೂತುಹೋಗುತ್ತದೆ. ನಮ್ಮನ್ನು ಕರೆಯಿರಿ, ಎಳೆದು ಹಾಕುತ್ತೇವೆ.

ಗುಡುಗು ಕೇಳಿಸಿದರೆ ಮಾತ್ರ ಹುಷಾರು. ಮರದಡಿ ಬೇಡ, ಟೆಂಟಿನಲ್ಲೂ ಬೇಡ. ಪಕ್ಕಾ ಕಟ್ಟಡಕ್ಕೆ ಹೋಗಿ, ಇಲ್ಲವೇ ಕಾರಿನೊಳಗೆ ಗಾಜು ಏರಿಸಿ ಕೂತುಕೊಳ್ಳಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗೋ ತನಕ ಹೊರಗೆ ಬರಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹೋಗೋದೇ ಅಂತ ತೀರ್ಮಾನ ಆಯ್ತು, ಮಗಳು ಗಂಬೂಟು ಹಾಕಿಕೊಂಡು ಮನೆ ತುಂಬಾ ಓಡಾಡುತ್ತಿದ್ದಾಳೆ. ಕುರಿಯಣ್ಣಾ, ಇನ್ನೊಂದು ಪ್ರಶ್ನೆ. ಸ್ಪರ್ಧೆಯಲ್ಲಿ ಕುರಿಗಳಲ್ಲಿ ಏನು ನೋಡುತ್ತಾರೆ? ನಮಗೆ ಎಲ್ಲಾ ಒಂದೇ ಥರ ಕಾಣುತ್ತವೆ.

ಉತ್ತರ (ಕುರಿ ಸಾಕುವವನು)

ತೀರ್ಪುಗಾರರ ಕೈ ನೋಡಿ, ಅರ್ಧ ಗೊತ್ತಾಗುತ್ತದೆ. ಉಣ್ಣೆಯ ಕೆಳಗೆ ಮೈ ಹೇಗಿದೆ ಅಂತ ಕಣ್ಣಿಗೆ ಕಾಣಲ್ಲ. ಅದಕ್ಕೇ ಬೆನ್ನೆಲುಬಿನ ಮೇಲೆ, ಸೊಂಟದ ಹತ್ತಿರ ಬೆರಳಿಟ್ಟು ಒತ್ತುತ್ತಾರೆ. ಎಲುಬು ಚೂಪಾಗಿ ಸಿಕ್ಕರೆ ಬಡಕಲು. ಹುಡುಕಿದರೂ ಸಿಗದಿದ್ದರೆ ಕೊಬ್ಬು ಜಾಸ್ತಿ. ಆಮೇಲೆ ಕೆಳತುಟಿ ಇಳಿಸಿ ಹಲ್ಲು ನೋಡುತ್ತಾರೆ. ಕುರಿಗೆ ಮುಂಬದಿಯ ಹಲ್ಲು ಕೆಳಗೆ ಮಾತ್ರ, ಮೇಲೆ ಬರೀ ಗಟ್ಟಿ ವಸಡು. ಒಂದು, ಒಂದೂವರೆ ವರ್ಷಕ್ಕೆ ಎರಡು ದೊಡ್ಡ ಹಲ್ಲು ಬರುತ್ತವೆ. ನಾಲ್ಕು ವರ್ಷದ ಹೊತ್ತಿಗೆ ಎಂಟೂ ಬಂದು ಬಾಯಿಗೂಡುತ್ತದೆ. ಕೊನೆಗೆ ನಡೆಸಿ ಕಾಲು ನೋಡುತ್ತಾರೆ. ಕೆಸರಿನ ದಿನ ಗೊರಸಿನ ಸಂದು ನೋಡೋದು ಇನ್ನೂ ಮುಖ್ಯ. ಗೊರಸು ಕೊಳೆಯುವ ರೋಗ ತೇವದಲ್ಲೇ ಹರಡೋದು.

ಮುಟ್ಟಿದ ಮೇಲೆ ಮಗಳ ಕೈಯನ್ನು ಸೋಪು ಹಾಕಿ ತೊಳೆಸಿ. ಕೆಸರು ಕೈಗೆ ಸ್ಯಾನಿಟೈಸರ್ ಸಾಲದು. ವಾಪಸ್ ಬರುವಾಗ ಬೂಟನ್ನೂ ಉಜ್ಜಿ ತೊಳೆಯಿರಿ, ಜಾನುವಾರು ಇರುವ ಇನ್ನೊಂದು ಮನೆಗೆ ಹೋಗುವವರಿದ್ದರಂತೂ ತಪ್ಪಿಸಲೇಬೇಡಿ. ಕಾಲುಬಾಯಿ ಜ್ವರ ಬೂಟಿಗಂಟಿದ ಕೆಸರಲ್ಲೂ ಹೋಗುತ್ತದೆ.

ಮಳೆ ಇದ್ದರೆ ಸ್ಪರ್ಧೆಯನ್ನು ಶೆಡ್ಡಿನೊಳಗೇ ಮಾಡುವುದುಂಟು, ಆಗ ಕೈಯಳತೆ ದೂರದಲ್ಲಿ ನಿಂತು ನೋಡಬಹುದು. ಮುಗಿದ ಮೇಲೆ ತೀರ್ಪುಗಾರರನ್ನು ಕೇಳಿ, ಎರಡನೇ ಸ್ಥಾನದ ಕುರಿಗೆ ಮೊದಲನೆಯದು ಯಾಕೆ ತಪ್ಪಿತು ಅಂತ. ಮಗಳೇ ಕೇಳಲಿ. ಮಕ್ಕಳು ಕೇಳಿದರೆ ಕುರಿಯನ್ನು ಹಿಡಿದು ನಿಲ್ಲಿಸಿಯೇ ತೋರಿಸುತ್ತಾರೆ.