ಬುಡಕಟ್ಟು ಸಮುದಾಯಗಳಿಂದ ಬಂದ ಹೊಸ ಅಧ್ಯಾಪಕರಿಗೆ ಮೆಂಟರ್: ಬರೀ ಫೈಲಿಗಾಗದಂತೆ ನಡೆಸುವುದು ಹೇಗೆ?

ಐಕ್ಯೂಎಸಿ ಮಂಗಳೂರು (ಪ್ರಶ್ನೆ):
ನಮಸ್ಕಾರ. ಮಂಗಳೂರಿನ ಒಂದು ಅನುದಾನಿತ ಪದವಿ ಕಾಲೇಜಿನ ಐಕ್ಯೂಎಸಿ (ಆಂತರಿಕ ಗುಣಮಟ್ಟ ಭರವಸೆ ಕೋಶ) ಜವಾಬ್ದಾರಿ ನನ್ನದು. ಹೊಸದಾಗಿ ಸೇರಿದ ಸಹಾಯಕ ಪ್ರಾಧ್ಯಾಪಕರಲ್ಲಿ ಕೊರಗ, ಮಲೆಕುಡಿಯ ಸಮುದಾಯದವರು ಒಬ್ಬೊಬ್ಬರು, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದವರು ಒಬ್ಬರು ಇದ್ದಾರೆ. ಇವರಿಗೆ ಹಿರಿಯರೊಬ್ಬರನ್ನು ಮೆಂಟರ್ ಆಗಿ ಕೊಡುವ ತೀರ್ಮಾನವಾಗಿದೆ. "ಎಚ್‌ಒಡಿಯೇ (ವಿಭಾಗದ ಮುಖ್ಯಸ್ಥರೇ) ಮೆಂಟರ್ ಆಗಲಿ, ತಿಂಗಳಿಗೊಂದು ಸಹಿ ಹಾಕಿಸಿ ಇಡಿ" ಎಂಬ ಸಲಹೆ ಬಂದಿದೆ. ಅಷ್ಟು ಸಾಕೇ? ಯಾರನ್ನು ನೇಮಿಸಬೇಕು, ಎಷ್ಟು ಸಲ ಕೂರಬೇಕು, ಏನು ಮಾತಾಡಬೇಕು ಎಂದು ಬಲ್ಲವರು ತಿಳಿಸಿ.

ಕೊಣಾಜೆ ಗುಡ್ಡೆ:
ಎಚ್‌ಒಡಿ ಬೇಡ ಸರ್. ಟೈಮ್‌ಟೇಬಲ್ ಹಾಕುವವರು, ವಾರ್ಷಿಕ ಸ್ವಮೌಲ್ಯಮಾಪನಕ್ಕೆ ಸಹಿ ಮಾಡುವವರು ಅವರೇ. "ಈ ಪೇಪರ್ ಪಾಠ ಮಾಡಲು ನನಗೆ ಧೈರ್ಯ ಸಾಲದು" ಎಂದು ಅವರೆದುರು ಯಾರು ಬಾಯಿ ಬಿಡುತ್ತಾರೆ?

ಒಬ್ಬರ ಬದಲು ಇಬ್ಬರು ಇರಲಿ. ಕಾಲೇಜಿನೊಳಗೇ ಬೇರೆ ವಿಭಾಗದವರೊಬ್ಬರು: ರಜೆ, ಪರೀಕ್ಷೆ, ಕಚೇರಿಯ ಒಳಹೊರಗು ತಿಳಿಸಲಿಕ್ಕೆ. ಹೊರಗಿನಿಂದ ಅದೇ ವಿಷಯದ ಸಂಶೋಧಕರೊಬ್ಬರು: ಬರವಣಿಗೆ ಓದಿ ತಿದ್ದಲಿಕ್ಕೆ. ಮೂರು ಹೆಸರು ಕೊಟ್ಟು ಹೊಸಬರೇ ಆರಿಸಿಕೊಳ್ಳಲಿ. ಅದೇ ಸಮುದಾಯದ ಹಿರಿಯರೇ ಆಗಬೇಕೆಂದು ಪಟ್ಟು ಹಿಡಿಯಬೇಡಿ. ಅಂಥವರು ಬೆರಳೆಣಿಕೆಯಷ್ಟು, ಎಲ್ಲ ಕಡೆಯಿಂದ ಅವರನ್ನೇ ಎಳೆಯುತ್ತಾರೆ.

ಅವಧಿ ಮೂರು ಸೆಮಿಸ್ಟರ್. ಆರು ವಾರಕ್ಕೊಮ್ಮೆ ಒಂದು ಗಂಟೆ, ಸ್ಟಾಫ್‌ರೂಮ್ ಬಿಟ್ಟು ಬೇರೆಲ್ಲಾದರೂ. ಮೊದಲ ದಿನ ಒಂದೇ ಪುಟದ ಒಪ್ಪಂದ ಬರೆದುಕೊಳ್ಳಿ: ಯಾವ ಮಾತು ಹೊರಗೆ ಹೋಗಬಾರದು, ಕರಡು ಕೊಟ್ಟ ಮೇಲೆ ಎಷ್ಟು ದಿನದಲ್ಲಿ ಓದಿ ಹೇಳಬೇಕು ಎಂಬುದು ಅದರಲ್ಲಿರಲಿ. ಮೂರನೇ ಭೇಟಿಯ ನಂತರ ಇಬ್ಬರಲ್ಲಿ ಯಾರು ಬೇಕಾದರೂ ಕಾರಣ ಹೇಳದೆ ಬದಲಾವಣೆ ಕೇಳಬಹುದು ಎಂಬುದನ್ನಂತೂ ಬಿಡಬೇಡಿ. ಈ ಬಾಗಿಲು ಇಲ್ಲದಿದ್ದರೆ ಹೊಂದದ ಜೋಡಿಗಳು ಮುಲಾಜಿಗೆ ಬಿದ್ದು ಸುಮ್ಮನೆ ಸಹಿ ಹಾಕುತ್ತಾ ಕೂರುತ್ತವೆ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಮಾತಿಗೆ ವಸ್ತು ಇಲ್ಲದಾಗ. "ಎಲ್ಲ ಸರಿ ಉಂಟಲ್ಲ?" "ಹೌದು ಸರ್." ಅಲ್ಲಿಗೆ ಮುಗಿಯಿತು. ಪ್ರತಿ ಭೇಟಿಗೂ ಮೂರು ದಿನ ಮೊದಲು ಏನಾದರೊಂದು ಕಾಗದ ಮೆಂಟರ್ ಕೈಗೆ ಬರಬೇಕು: ಪ್ರಶ್ನೆಪತ್ರಿಕೆ, ಲೇಖನದ ಎರಡು ಪುಟ, ಪ್ರಾಜೆಕ್ಟ್ ಅರ್ಜಿ, ಯಾವುದಾದರೂ ಆದೀತು.

ಲೇಖಕರ ಹೆಸರಿನ ಕ್ರಮವನ್ನು ಬರೆಯುವ ಮೊದಲೇ ಮಾತಾಡಿಕೊಳ್ಳಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ ಮಾನವಿಕ ವಿಷಯಗಳಲ್ಲಿ ಒಂದು ಲೇಖನದ ಮೂಲ ಸಂಶೋಧನಾ ಅಂಕ 10. ಇಬ್ಬರು ಬರೆದರೆ ತಲಾ ಶೇ. 70. ಮೂವರಾದರೆ ಮುಖ್ಯ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30. ಅಂದರೆ ಕ್ಷೇತ್ರಕಾರ್ಯವನ್ನೆಲ್ಲ ಮಾಡಿದವರು ಮೂರನೇ ಹೆಸರಾದರೆ 7ರ ಜಾಗದಲ್ಲಿ 3. ಸಹ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ಕನಿಷ್ಠ 7 ಪ್ರಕಟಣೆ, 75 ಅಂಕ ಬೇಕಾದವರಿಗೆ ಇದು ಸಣ್ಣ ನಷ್ಟ ಅಲ್ಲ. 2025ರಲ್ಲಿ ಯುಜಿಸಿ ಮಾನ್ಯ ಸಂಶೋಧನಾ ಪತ್ರಿಕೆಗಳ ತನ್ನ ಕೇರ್ ಪಟ್ಟಿಯನ್ನೂ ನಿಲ್ಲಿಸಿದೆ. ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆ ಯಾವುದು, ನಿಜವಾಗಿ ತಜ್ಞರಿಂದ ಓದಿಸುವ ಪತ್ರಿಕೆ ಯಾವುದು ಎಂದು ತೋರಿಸಿಕೊಡುವ ಕೆಲಸ ಈಗ ಹಿರಿಯರದ್ದೇ.

ಮಣಿಪಾಲದ ಓದುಗಿ:
ಮೇಲಿನದ್ದೆಲ್ಲ ಸರಿ. ಆದರೆ ಹೊಸಬರ ಸಮಯ ಎಲ್ಲಿ ಸೋರುತ್ತದೆ ಎಂದು ಮೊದಲು ನೋಡಿ. ಎಸ್‌ಸಿ/ಎಸ್‌ಟಿ ಘಟಕ, ಹಾಸ್ಟೆಲ್, ವಿದ್ಯಾರ್ಥಿವೇತನ, ಬುಡಕಟ್ಟು ದಿನಾಚರಣೆ, ಎಲ್ಲದಕ್ಕೂ "ನೀವೇ ಇದ್ದೀರಲ್ಲ" ಎಂದು ಅವರ ಹೆಸರೇ. ಆ ಸಮುದಾಯಗಳ ಮಕ್ಕಳೂ ಕಷ್ಟ ಹೇಳಿಕೊಳ್ಳಲು ಹುಡುಕಿಕೊಂಡು ಬರುವುದು ಅವರನ್ನೇ. ಅಮೆರಿಕದಲ್ಲಿ ಅಮಾಡೊ ಪಡಿಯಾ 1994ರಲ್ಲಿ ಇದನ್ನು ಸಾಂಸ್ಕೃತಿಕ ತೆರಿಗೆ ಎಂದು ಕರೆದರು: ಅಲ್ಪಸಂಖ್ಯಾತ ಜನಾಂಗಗಳ ಅಧ್ಯಾಪಕರು ಮಾತ್ರ ಕಟ್ಟುವ, ಬಡ್ತಿಯಲ್ಲಿ ಲೆಕ್ಕಕ್ಕೆ ಬಾರದ ದುಡಿಮೆ.

ನಮ್ಮಲ್ಲಿ ಲೆಕ್ಕ ಇನ್ನೂ ಸ್ಪಷ್ಟ. ಸಿಎಎಸ್ (ಯುಜಿಸಿಯ ವೃತ್ತಿ ಮುನ್ನಡೆ ಯೋಜನೆ) ಬಡ್ತಿಯಲ್ಲಿ ಬೋಧನೆಯಾಚೆಗಿನ ಚಟುವಟಿಕೆ ಮೂರಿದ್ದರೆ 'ಉತ್ತಮ'. ಏಳು ಸಮಿತಿಯಲ್ಲಿ ದುಡಿದರೂ ಅದೇ 'ಉತ್ತಮ'. ಹಾಗಾಗಿ ಮೂರಕ್ಕೆ ಮಿತಿ ಎಂದು ಪ್ರಾಂಶುಪಾಲರಿಂದ ಬರಹದಲ್ಲೇ ಪಡೆಯಿರಿ. ನಾಲ್ಕನೆಯದಕ್ಕೆ ಇಲ್ಲ ಎನ್ನುವ ಕೆಲಸ ಮೆಂಟರ್‌ದು. ಪ್ರೊಬೇಷನ್‌ನಲ್ಲಿ ಇರುವವರ ಬಾಯಲ್ಲಿ ಅದನ್ನು ಹೇಳಿಸಬೇಡಿ. ಮೆಂಟರ್‌ಗೂ ಒಂದು ಸಮಿತಿ ಕಡಿಮೆ ಮಾಡಿ. ಸಹ ಪ್ರಾಧ್ಯಾಪಕರಿಗೆ ವಾರಕ್ಕೆ 14 ಗಂಟೆ ನೇರ ಬೋಧನೆ ಹೇಗೂ ಇದೆ, ಅದರ ಮೇಲೆ ಇದೂ ಬಿದ್ದರೆ ಎರಡನೇ ಸೆಮಿಸ್ಟರಿಗೇ ಭೇಟಿ ನಿಲ್ಲುತ್ತದೆ.

ಹಣದ ದಾರಿಯನ್ನೂ ನೋಡಿ. ಬ್ರಿಟನ್ನಿನಲ್ಲಿ ಮೂರು ವರ್ಷಗಳಲ್ಲಿ ಸಂಶೋಧನಾ ಮಂಡಳಿಗಳು ಕೊಟ್ಟ 19,868 ಪಿಎಚ್‌.ಡಿ. ವೇತನಗಳಲ್ಲಿ ಕಪ್ಪು ವರ್ಣೀಯರಿಗೆ ಸಿಕ್ಕಿದ್ದು ಶೇ. 1.2 ಎಂದು 2019ರ ವರದಿಯೊಂದು ತೋರಿಸಿತು. ಅಂಥ ಕಡೆ ಬರೀ ಬುದ್ಧಿಮಾತಿನಿಂದ ಏನಾಗಬೇಕು? ಹಿರಿಯರು ತಮ್ಮ ಮುಂದಿನ ಪ್ರಾಜೆಕ್ಟಿನಲ್ಲಿ ಇವರನ್ನು ಸಹ-ಸಂಶೋಧಕರಾಗಿ (ಕೋ-ಇನ್ವೆಸ್ಟಿಗೇಟರ್) ಸೇರಿಸಿಕೊಳ್ಳಲಿ.

ಐಕ್ಯೂಎಸಿ ಮಂಗಳೂರು:
ಸಮಿತಿಯ ಮಿತಿ ನಮಗೆ ಹೊಳೆದೇ ಇರಲಿಲ್ಲ, ಧನ್ಯವಾದ ಮೇಡಂ. ಇನ್ನೊಂದು: ಕೊರಗ ಸಮುದಾಯದ ಅಧ್ಯಾಪಕರಿಗೆ "ನಿಮ್ಮವರ ಮೇಲೆಯೇ ಸಂಶೋಧನೆ ಮಾಡಿ, ಬೇಗ ಹೆಸರು ಬರುತ್ತದೆ" ಎಂದು ಎಲ್ಲರೂ ಹೇಳುತ್ತಿದ್ದಾರೆ. ಇದು ಸರಿಯೇ?

ಪಡುಬಿದ್ರಿ:
ಅವರು ತಾವಾಗಿ ಆರಿಸಿದರೆ ಸರಿ, ನಾವು ಒತ್ತಾಯಿಸಿದರೆ ಅನ್ಯಾಯ. ಅರ್ಥಶಾಸ್ತ್ರದಲ್ಲಿ ಬೆಲೆ ಏರಿಕೆಯ ಮೇಲೆ ಕೆಲಸ ಮಾಡಬೇಕೆಂದು ಬಂದವರಿಗೆ ಅಜಲು ಪದ್ಧತಿಯ (ಕೊರಗರಿಂದ ಹೀನಾಯ ಕೆಲಸಗಳನ್ನು ಮಾಡಿಸುತ್ತಿದ್ದ ಪದ್ಧತಿ) ವಿಷಯ ಹಿಡಿಸುವುದು ಎಂತಕ್ಕೆ ಮಾರಾಯ್ರೆ? ಅಜಲನ್ನು 2000ದ ಕಾಯ್ದೆ ನಿಷೇಧಿಸಿದೆ. ಅದರ ಅವಮಾನವನ್ನು ಮನೆಯ ಹಿರಿಯರ ಬಾಯಿಂದ ಕೆದಕಿ ಬರೆಯುವುದು ಎಷ್ಟು ಭಾರ ಎಂದು ಸಲಹೆ ಕೊಡುವವರಿಗೆ ಗೊತ್ತಿರಬೇಕು. ಮೆಂಟರ್ ಕೇಳಬೇಕಾದ್ದು ಒಂದೇ ಪ್ರಶ್ನೆ: "ಯಾರೂ ಏನೂ ಹೇಳದಿದ್ದರೆ ನೀವು ಯಾವ ವಿಷಯ ತೆಗೆದುಕೊಳ್ಳುತ್ತಿದ್ದಿರಿ?"

ಜಾತಿ ನಿಂದನೆಯ ಮಾತು ಬಂದರೆ ಮೆಂಟರ್ ರಾಜಿ ಪಂಚಾತಿಕೆಗೆ ಕೂರಬಾರದು. ದಿನ, ಜಾಗ, ಆಡಿದ ಮಾತು, ಕೇಳಿದವರು ಯಾರು ಎಂದು ಅಂದೇ ಬರೆದಿಡಲು ನೆರವಾಗಲಿ. ಲಿಖಿತ ದೂರು ಎಸ್‌ಸಿ/ಎಸ್‌ಟಿ ಘಟಕಕ್ಕೆ ಹೋಗಲಿ. 1989ರ ದೌರ್ಜನ್ಯ ತಡೆ ಕಾಯ್ದೆಯ ದಾರಿಯೂ ಇದೆ ಎಂದು ಮುಚ್ಚಿಡದೆ ಹೇಳಲಿ.

ಸಿದ್ದಿ ಸಮುದಾಯದ ಅಧ್ಯಾಪಕರಿಗೆ ತುಳು ಬಾರದಿರಬಹುದು. ಸ್ಟಾಫ್‌ರೂಮಿನಲ್ಲಿ ತುಳುವಿನಲ್ಲಿ ತೀರ್ಮಾನವಾದದ್ದು ಅವರಿಗೆ ಸರ್ಕ್ಯುಲರ್ ಬಂದ ಮೇಲೆಯೇ ಗೊತ್ತಾಗುತ್ತದೆ. ಕೆಲಸದ ಮಾತು ಕನ್ನಡದಲ್ಲೇ ಆಗಲಿ.

ಅತಿಥಿ ಉಪನ್ಯಾಸಕರನ್ನೂ ಬಿಡಬೇಡಿ. ಈ ಸಮುದಾಯಗಳ ಅನೇಕರು ವರ್ಷಗಟ್ಟಲೆ ಅಲ್ಲೇ ಉಳಿಯುತ್ತಾರೆ, ಮೆಂಟರ್ ಪಟ್ಟಿಯಲ್ಲಿ ಮಾತ್ರ ಕಾಯಂ ನೌಕರರ ಹೆಸರಷ್ಟೇ ಇರುತ್ತದೆ. ಮತ್ತೆ, ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಮಂಡಳಿ) ತಪಾಸಣೆಗೆಂದು ಇಡುವ ವಿದ್ಯಾರ್ಥಿಗಳ ಮೆಂಟರ್-ಮೆಂಟಿ ಫೈಲಿನ ನಮೂನೆಯನ್ನು ಇಲ್ಲಿಗೆ ತರಬೇಡಿ. ಆರು ತಿಂಗಳಿಗೊಮ್ಮೆ ಐಕ್ಯೂಎಸಿ ಕೇಳಬೇಕಾದ್ದು ಇಷ್ಟು: ಯಾವ ಲೇಖನ ಎಲ್ಲಿಗೆ ಹೋಗಿದೆ, ಯಾವ ಅರ್ಜಿ ಹಾಕಿದ್ದಾರೆ, ಯಾವ ಸಮಿತಿಯಿಂದ ಬಿಡುಗಡೆಯಾಗಿದ್ದಾರೆ.