ಅಪ್‌ಡೇಟ್: ಗಿಡಮೂಲಿಕೆ ಪರಿಮಳದ ಸೆಂಟ್ ಬೇಗ ಮಾಯವಾಗುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ಲ್ಯಾವೆಂಡರ್, ರೋಸ್‌ಮೇರಿ, ಲಾವಂಚ ಇರುವ ಸೆಂಟ್ ಒಂದು ಗಂಟೆಯೂ ನಿಲ್ಲುವುದಿಲ್ಲವೇಕೆ ಎಂದು ಕೇಳಿದ್ದೆ. ನೀವು ಹೇಳಿದ್ದು ಸರಿ, ಒಣ ಚರ್ಮವೇ ಕಾರಣ. ಸ್ನಾನವಾದ ಕೂಡಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಅದು ಇಂಗಿದ ಮೇಲೆ ಗೇಣು ದೂರದಿಂದ ಕುತ್ತಿಗೆಗೆ 2, ಎದೆಗೆ 1 ಸ್ಪ್ರೇ ಹೊಡೆದರೆ ಈಗ 4 ಗಂಟೆ ಆರಾಮಾಗಿ ನಿಲ್ಲುತ್ತಿದೆ.

ಇದೇ ಸೆಂಟಿನಲ್ಲಿ ಮೊದಲು ಬರುವ ಬೆರ್ಗಮಾಟ್ (ನಿಂಬೆ ಜಾತಿಯ ಹಣ್ಣು), ನಿಂಬೆಯ ಘಮ ಮಾತ್ರ 15–20 ನಿಮಿಷಕ್ಕೇ ಹಾರಿಹೋಗುತ್ತದೆ. ಅವುಗಳ ಅಣುಗಳು ಹಗುರ, ಅದಕ್ಕೆ ಮದ್ದಿಲ್ಲ. ಆಮೇಲೆ ಬರುವುದು ಎಲೆಯನ್ನು ಬೆರಳಲ್ಲಿ ಹೊಸಕಿದಂಥ ರೋಸ್‌ಮೇರಿಯ ಹಸಿರು ವಾಸನೆ, ತುಸು ಕರ್ಪೂರದ ಘಾಟು. ಕೊನೆಗೆ ಲಾವಂಚದ ಒಣ ಬೇರಿನ ಕಂಪು. ಇಡೀ ಸೆಂಟಿನಲ್ಲಿ ಸೊಗಸಾದ ಘಟ್ಟ ಇದೇ.

ಇನ್ನೊಂದು ಮಾತು: ಮೂಗು ಬೇಗ ಒಗ್ಗಿಹೋಗುತ್ತದೆ. ವಾಸನೆ ಬರುತ್ತಿಲ್ಲವೆಂದು ಮತ್ತೆ ಹೊಡೆದುಕೊಳ್ಳುವ ಮೊದಲು ಪಕ್ಕದವರನ್ನು ಕೇಳಿ. ಬಟ್ಟೆಯ ಮೇಲೆ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಬಿಳಿ ಅಂಗಿಗೆ ಕಲೆ ಬೀಳಬಹುದು.